ತೆರೆದಿಟ್ಟ ಮೂಲೆ

ಕಲಾವತಿ ಮತ್ತೆ ಹೊಲಿಗೆ ಬಿಚ್ಚಿದ್ದಳು.

ಉಮಾಶಂಕರ ಕಾಫಿ ಲೋಟ ಹಿಡಿದು ಬಂದಾಗ, ಊಟದ ಮೇಜಿನ ಮೇಲೆ ಹರಡಿದ್ದ ಕೌದಿಯ ಕೆಳಗಿನ ಎಡಮೂಲೆ ಬಾಯಿ ಬಿಟ್ಟುಕೊಂಡಿತ್ತು. ಬಿಚ್ಚಿದ ದಾರದ ಚೂರುಗಳನ್ನೆಲ್ಲ ಅವಳು ಒಂದು ಚಟ್ನಿ ಬಟ್ಟಲಿಗೆ ಹಾಕಿಟ್ಟಿದ್ದಳು. ತಾನು ಪಕ್ಕದ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಬಲಗೈ ಯಾರೋ ಮರೆತುಹೋದ ಸಾಮಾನಿನ ಹಾಗೆ ತೊಡೆಯ ಮೇಲಿತ್ತು. ಎಡಗೈಯಲ್ಲಿ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ.

“ಯಾಕೆ ಕಲಾ? ನಿನ್ನೆ ತಾನೇ ರಾಜೀವಿ ಹೊಲಿದು ಹೋದ್ರಲ್ಲ.”

“ಬ್ಯಾಡ,” ಎಂದಳು.

ಅವಳಲ್ಲಿ ಉಳಿದಿದ್ದ ಮಾತು ಅದೊಂದೇ. ಹಿಂದಿನ ಚಳಿಗಾಲದಲ್ಲಿ ಸ್ಟ್ರೋಕ್ ಆದಾಗ ಬಲಗೈಯ ಬಲವೂ ಮಾತೂ ಒಟ್ಟಿಗೇ ಹೋಗಿದ್ದವು. ಎಷ್ಟೋ ದಿನದ ಮೇಲೆ ಗಂಟಲಿನಿಂದ ಮೊದಲು ಎದ್ದು ಬಂದದ್ದು ಗಜೇಂದ್ರಗಡದ ತವರಿನ ಈ ‘ಬ್ಯಾಡ’. ಆಮೇಲೆ ಬೇರೆ ಯಾವುದೂ ಬರಲಿಲ್ಲ. ಕಾಫಿ ಕೊಡಲೇ ಎಂದರೆ ಬ್ಯಾಡ ಎಂದು ಲೋಟಕ್ಕೆ ಕೈಚಾಚುತ್ತಿದ್ದಳು. ಸ್ವೆಟರ್ ಹಾಕಿಕೋ ಎಂದರೆ ಬ್ಯಾಡ ಎನ್ನುತ್ತಲೇ ತೋಳು ತೂರಿಸುತ್ತಿದ್ದಳು. ಅದು ಬೇಡ ಎಂಬುದಲ್ಲ, ಬಾಯಿಗೆ ಸಿಕ್ಕಿದ ಒಂದು ಸದ್ದು ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ಒಳಗೆ ಎಷ್ಟು ಉಳಿದಿದೆ ಎಂದು ಕೇಳಿದಾಗ ಮಾತ್ರ ಅವರು, “ಹೇಳೋದು ಕಷ್ಟ,” ಎಂದಿದ್ದರು. ಅವರ ಪರೀಕ್ಷೆಗಳೆಲ್ಲ ಮಾತಿನಲ್ಲೇ ಇದ್ದವು.

ಕೌದಿ ಹೊದೆಯುವುದಕ್ಕೆ ಮಾಡಿದ್ದಲ್ಲ, ಗೋಡೆಗೆ ತೂಗುಹಾಕಲು. ಕೊರೋನಾ ಕಾಲದಲ್ಲಿ ಮನೆಮನೆಗೆ ಮಾಸ್ಕ್ ಹೊಲಿದುಕೊಡುತ್ತ ರಾಜೀವಿಯ ಪರಿಚಯವಾಗಿ, ಅವಳ ಬೆನ್ನು ಹತ್ತಿ ಕಲಾವತಿ ಸ್ಯಾನ್ ಡಿಯೇಗೋದ ಕ್ವಿಲ್ಟ್ ಗಿಲ್ಡ್ ಎಂಬ ಹೊಲಿಗೆ ಸಂಘ ಸೇರಿದ್ದಳು. ಆಸ್ಪತ್ರೆಯ ಮಕ್ಕಳಿಗೆಂದು ಗಿಲ್ಡ್‌ನವರ ಲೆಕ್ಕಕ್ಕೆ ಎಷ್ಟೋ ಹೊಲಿದಳು. ಅವೆಲ್ಲ ಕ್ವಿಲ್ಟ್. ಇದೊಂದನ್ನು ಮಾತ್ರ ಮೊದಲಿನಿಂದಲೂ ಕೌದಿ ಎಂದೇ ಕರೆದಳು. ಮಗಳು ಹರಿಣಿ ಮೂರು ಗಂಟೆ ದಾರಿಯಾಚೆ ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲೆ ಹೊಸ ಮನೆ ತೆಗೆದುಕೊಂಡಾಗ ಮೆಟ್ಟಿಲ ಪಕ್ಕದ ಎತ್ತರದ ಗೋಡೆ ತೋರಿಸಿ, “ಅಮ್ಮಾ, ಇಲ್ಲಿಗೆ ನೀನೇ ಏನಾದ್ರೂ ಮಾಡ್ಕೊಡು,” ಎಂದಿದ್ದಳು. ಕಲಾವತಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ, ನೀಲಿಯ ಮೇಲೆ ನೀಲಿ ಜೋಡಿಸಿ, ಬಲಕ್ಕೆ ಸರಿದಂತೆ ಒಂದೇ ಒಂದು ಕೆಂಪು ಸೆರಗಿನ ತುಂಡು ಇಟ್ಟಳು. ಮೇಲಿನ ಬಟ್ಟೆ, ನಡುವಿನ ಹತ್ತಿ, ಹಿಂದಿನ ಬಟ್ಟೆ ಮೂರನ್ನೂ ಸೇರಿಸಿ ಉದ್ದಕ್ಕೂ ದಾರದ ಗೆರೆ ಎಳೆದಳು. ಇನ್ನು ಸುತ್ತ ಅಂಚುಪಟ್ಟಿ ಕಟ್ಟಿ, ಹಿಂದೆ ಕೋಲು ತೂರಿಸುವ ತೋಳು ಹೊಲಿದರೆ ಮುಗಿಯಿತು ಎನ್ನುವಾಗ ಸ್ಟ್ರೋಕ್ ಆಯಿತು. ಹರಿಣಿಯ ಗೋಡೆಯಲ್ಲಿ ಕೋಲು ಮಾತ್ರ ಆಗಲೇ ಕೂತಿತ್ತು. ಅದು ಖಾಲಿಯಾಗಿಯೇ ಇತ್ತು.

ಉಳಿದ ಕೆಲಸ ಮುಗಿಸಿಕೊಡುತ್ತೇನೆಂದು ರಾಜೀವಿ ಒಪ್ಪಿಕೊಂಡಿದ್ದಳು. ಉಡುಪಿ ಕಡೆಯವಳು, ಇಲ್ಲೇ ಮೀರಾ ಮೆಸಾದಲ್ಲಿ, ಇವರ ಮನೆಯಿಂದ ಎರಡು ಬೀದಿ ಆಚೆಗೆ ಮನೆ. ಅವಳು ಅಂಚುಪಟ್ಟಿಯನ್ನು ಸುತ್ತಲೂ ಮೆಷಿನ್ನಿನಲ್ಲಿ ಕೂಡಿಸಿ, ಹಿಂದಕ್ಕೆ ಮಡಚಿ, ಕೈಹೊಲಿಗೆ ಹಾಕಿ ಹೋಗುವುದು, ಮರುದಿನ ಕಲಾವತಿ ಮೂಲೆ ಬಿಚ್ಚಿಡುವುದು ನಡೆದೇ ಇತ್ತು.

ಆ ಬೆಳಿಗ್ಗೆಯೂ ಬಂದು ನೋಡಿ ರಾಜೀವಿ ಸೊಂಟದ ಮೇಲೆ ಕೈಯಿಟ್ಟಳು.

“ಎಂತದಿದು ಕಲಾವತಿ? ನನ್ನ ಹೊಲಿಗೆ ಅಷ್ಟು ಕೆಟ್ಟದುಂಟಾ? ಗಿಲ್ಡಿನಲ್ಲಿ ನನಗೆ ಬಹುಮಾನದ ರಿಬ್ಬನ್ ಕೊಟ್ಟವರು ಎಲ್ಲ ಕುರುಡರಾ ಹಾಗಾದ್ರೆ?”

“ಬ್ಯಾಡ,” ಎಂದು ಕಲಾವತಿ ಅವಳ ಕೆನ್ನೆ ತಟ್ಟಿದಳು.

“ನೋಡಿ ಮಾರಾಯ್ರೆ, ಬಿಚ್ಚೋದೂ ಇವಳೇ, ಸಮಾಧಾನ ಮಾಡೋದೂ ಇವಳೇ.” ರಾಜೀವಿ ನಕ್ಕಳು. ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು. “ಉಮಾಶಂಕರ್ ಅವ್ರೆ, ನಾನು ಎಷ್ಟು ಸರ್ತಿ ಬೇಕಾದ್ರೂ ಹೊಲೀತೇನೆ. ಆದ್ರೆ ಮಗಳು ಬಂದಾಗ ಇದು ಕಾಣ್ಬಾರ್ದು ಅಂತ ನಿಮಗೆ ಉಂಟಲ್ಲ, ಅದು ನನಗೆ ಗೊತ್ತುಂಟು. ತೋಳು ನೀವೇ ಹೊಲೀರಿ. ಹತ್ರ ಕೂತು ಮಾಡಿದ್ರೆ ಇವಳು ಬಿಚ್ಚೋದಾದ್ರೂ ತಪ್ಪೀತು.”

“ನಾನಾ? ನಾನು ಅಂಗಿಗೆ ಗುಂಡಿ ಹೊಲಿದವನೂ ಅಲ್ಲ.”

“ಇಂಜಿನಿಯರಾಗಿ ಟವರ್ ಕಟ್ಟಿದವ್ರಲ್ಲ ನೀವು? ಇದೊಂದು ಕೊಳವೆ ಅಷ್ಟೆ.”

ಹರಿಣಿಗೆ ಕಾಣಬಾರದು ಎಂಬುದು ನಿಜವಾಗಿತ್ತು. ಮುಂದಿನ ಬುಧವಾರ ಗ್ಲೆಂಡೇಲ್‌ನಲ್ಲಿ ಒಂದು ಕಡೆ ಕಲಾವತಿಯನ್ನು ಪರೀಕ್ಷಿಸಿ ನೋಡುವವರಿದ್ದರು. ಮರೆವು ಬಂದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ. ಒಳ್ಳೆಯದೇ, ಅಂಗಳದಲ್ಲಿ ನಿಂಬೆಗಿಡಗಳಿದ್ದವು. ಬರ್ಬ್ಯಾಂಕ್‌ನ ಸ್ಟುಡಿಯೋದಲ್ಲಿ ಕೆಲಸ ಮಾಡುವ ಹರಿಣಿ ಅಲ್ಲಿಂದ ದಿನವೂ ಹೋಗಿ ನೋಡಬಹುದಿತ್ತು. ಅವರು ನೋಡಿ ಒಪ್ಪಿದರೆ ತಿಂಗಳೊಪ್ಪತ್ತಿನಲ್ಲಿ ಕಲಾವತಿ ಅಲ್ಲಿಗೆ ಹೋಗಬೇಕು. ಉಮಾಶಂಕರ ಆಯಿತು ಎಂದುಬಿಟ್ಟಿದ್ದ. ಮಗಳ ಕಣ್ಣಿನ ಕೆಳಗಿನ ಕಪ್ಪು ನೋಡಿ ಹಾಗೆ ಹೇಳಿದ್ದ. ಪ್ರತಿ ವಾರವೂ ಅವಳು ಆ ದಾರಿಯೆಲ್ಲ ಡ್ರೈವ್ ಮಾಡಿಕೊಂಡು ಬಂದು, ಬಟ್ಟೆ ಒಗೆದು, ಅಮ್ಮನ ತಲೆ ಬಾಚಿ, ಫ್ರಿಜ್ ತುಂಬಿಸಿ ಹೋಗುತ್ತಿದ್ದಳು.

ಅಂದು ಮಧ್ಯಾಹ್ನ ಅವಳ ಫೋನ್ ಬಂತು.

“ಅಪ್ಪಾ, ಅಮ್ಮ ಮತ್ತೆ ಬಿಚ್ಚಿದ್ಲಾ?”

ಉಮಾಶಂಕರ ತೆರೆದ ಮೂಲೆಯನ್ನು ಮಡಚಿ ಮುಚ್ಚಿದ.

“ಸುಮ್ನಿದ್ರೆ ಗೊತ್ತಾಗಲ್ವಾ ನಂಗೆ? ಲಾಸ್ಟ್ ವೀಕ್ ವಾಷಿಂಗ್ ಮೆಷಿನ್ ಒಳಗೆ ಅಕ್ಕಿ ಇತ್ತು ಅಪ್ಪಾ. ಅವಳ ಸ್ವೆಟರ್ ಜೇಬಲ್ಲಿ ಹಸಿ ಅಕ್ಕಿ. ತಿಂತಾಳೋ ಏನೋ. ಅದಕ್ಕೇ ಡಬ್ಬ ಗ್ಯಾರೇಜಲ್ಲಿಡಿ ಅಂದಿದ್ದು. ಇಟ್ಟಿದ್ದೀರಾ?”

“ಮೇಲಿನ ಶೆಲ್ಫಿನಲ್ಲಿಟ್ಟಿದ್ದೀನಿ.”

“ಐ ಆಮ್ ನಾಟ್ ಬೀಯಿಂಗ್ ಮೀನ್, ಅಪ್ಪಾ.”

“ಗೊತ್ತಮ್ಮ.”

“ಅವಳು ತನ್ನ ಕೆಲಸಾನೇ ತಾನು ಹಾಳ್ಮಾಡ್ಕೊಳ್ತಿದ್ದಾಳೆ. ನನ್ನ ಅಮ್ಮ ಹಾಗೆ ಮಾಡೋಳಲ್ಲ. ಅದನ್ನ ನೋಡಕ್ಕೆ ನಂಗೆ ಆಗ್ತಿಲ್ಲ.”

ಇಬ್ಬರೂ ಫೋನ್ ಇಡಲಿಲ್ಲ. ಮೀರಾಮಾರ್ ವಾಯುನೆಲೆಯ ಕಡೆಯಿಂದ ಒಂದು ಜೆಟ್ ಛಾವಣಿಯ ಮೇಲೆ ಹಾದುಹೋಯಿತು.

ಉಮಾಶಂಕರ ತೋಳು ಹೊಲಿಯಲು ಕೂತ. ಅಗಲ ಪಟ್ಟಿಯೊಂದನ್ನು ಮಡಚಿ, ಕೊಳವೆಯಂತೆ ಮಾಡಿ, ಕೌದಿಯ ಬೆನ್ನಿಗೆ, ಮೇಲಂಚಿನ ಉದ್ದಕ್ಕೂ ಕೂಡಿಸಬೇಕು. ಬಿಗಿಯಾಗಿ ಹೊಲಿಯಬಾರದು, ಕೊಂಚ ಸಡಿಲ ಬಿಡಬೇಕು, ಇಲ್ಲದಿದ್ದರೆ ಕೋಲಿನ ದಪ್ಪ ಮುಂದಕ್ಕೆ ಉಬ್ಬುತ್ತದೆ ಎಂದು ರಾಜೀವಿ ಪಿನ್ನು ಚುಚ್ಚಿಟ್ಟು ಹೋಗಿದ್ದಳು. ಸೂಜಿ ಹಿಂದಿನ ಬಟ್ಟೆಯನ್ನೂ ಹತ್ತಿಯನ್ನೂ ಮಾತ್ರ ಹಿಡಿಯಬೇಕು, ಮುಂದೆ ಹಾಯಬಾರದು ಎಂದೂ ಹೇಳಿದ್ದಳು. ಕಲಾವತಿ ಎದುರಿಗೆ ಕೂತು ನೋಡುತ್ತಿದ್ದಳು. ಅವನ ಬೆರಳಿಗೆ ಸೂಜಿ ಚುಚ್ಚಿದಾಗಲೆಲ್ಲ ಅವಳ ಹುಬ್ಬು ಸ್ವಲ್ಪ ಮೇಲೇಳುತ್ತಿತ್ತು.

ಅರ್ಧ ಮುಗಿಸಿ ಹೆಮ್ಮೆಯಿಂದ ಕೌದಿಯನ್ನು ತಿರುವಿ ನೋಡಿದರೆ ನೀಲಿಯ ಮೇಲೆ ಉದ್ದಕ್ಕೂ ಬಿಳಿ ಚುಕ್ಕಿಗಳು. ದಾರವೆಲ್ಲ ಮುಂದಕ್ಕೆ ಹಾದಿತ್ತು. ಕಲಾವತಿಯ ಭುಜಗಳು ಅಲುಗಾಡಿದವು. ಅವಳು ನಗುತ್ತಿದ್ದಳು, ಸದ್ದಿಲ್ಲದೆ. ನಗುತ್ತಲೇ ತನ್ನ ಕೊಕ್ಕೆಯನ್ನು ಮೇಜಿನ ಮೇಲೆ ಅವನತ್ತ ದೂಡಿದಳು.

ಅವನು ಬಿಚ್ಚಲು ತೊಡಗಿದ. ಅಷ್ಟು ಸುಲಭವಿರಲಿಲ್ಲ. ಕೊಕ್ಕೆಯ ಮೊನೆ ದಾರದ ಕೆಳಗೆ ಹೋಗದೆ ಬಟ್ಟೆಯನ್ನೇ ಹಿಡಿಯುತ್ತಿತ್ತು. ಎಳೆದರೆ ಸೀರೆಯ ನೂಲು ಜಗ್ಗುತ್ತಿತ್ತು. ಎಷ್ಟು ಜೋಪಾನ ಮಾಡಿದರೂ ಒಂದು ಕಡೆ ಬೆನ್ನಿನ ಬಟ್ಟೆ ಹರಿದೇಹೋಯಿತು, ಕಡಲೆ ಗಾತ್ರದ ತೂತು. ಅವನಿಗೆ ಅಳು ಬರುವ ಹಾಗಾಯಿತು. ಕೊಕ್ಕೆ ಕೆಳಗಿಟ್ಟು, ಏನೂ ತೋಚದೆ, ಕೌದಿಯ ಇನ್ನೊಂದು ತುದಿಗೆ ಕಣ್ಣು ಹಾಯಿಸಿದ. ಅಲ್ಲಿ ಅವಳು ಬಿಚ್ಚಿದ ಮೂಲೆ ಇತ್ತು.

ಅವನು ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಒಂದು ನೂಲೂ ಜಗ್ಗಿರಲಿಲ್ಲ. ಒಂದು ತೂತೂ ಇರಲಿಲ್ಲ. ಎಷ್ಟು ಸಲ ಬಿಚ್ಚಿದ್ದಳೋ, ಪ್ರತಿ ಸಲವೂ ಅದೇ ಜಾಗ, ಬೆರಳೆರಡು ತೂರುವಷ್ಟು ಅಗಲ. ಅದರಿಂದಾಚೆ ರಾಜೀವಿಯ ಹೊಲಿಗೆಯನ್ನು ಅವಳು ಮುಟ್ಟಿರಲಿಲ್ಲ. ಬಿಚ್ಚಿದ ಕಡೆ ಉಳಿದ ದಾರ ಸಡಿಲಾಗದಿರಲೆಂದು ತುದಿಗೆ ಗಂಟು ಕೂಡ ಹಾಕಿದ್ದಳು, ಎಡಗೈಯೊಂದರಲ್ಲೇ.

ಹಾಳು ಮಾಡುವವರು ಗಂಟು ಹಾಕುವುದಿಲ್ಲ.

“ಕಲಾ,” ಎಂದ. “ಈ ಮೂಲೆ ನಿನಗೆ ತೆರೆದೇ ಇರಬೇಕಾ?”

“ಬ್ಯಾಡ.”

ಕೇಳಿ ಪ್ರಯೋಜನವಿರಲಿಲ್ಲ. ಅವನು ಎದ್ದು ಮಲಗುವ ಕೋಣೆಗೆ ಹೋದ. ಅವರ ಮಂಚದ ಕಾಲ್ದೆಸೆಯಲ್ಲಿ ಒಂದು ಹಳೆಯ ಕೌದಿ ಇತ್ತು. ಕಲಾವತಿಯ ತಾಯಿ ಪ್ರೇಮವ್ವ ಮದುವೆಗೆ ಹೊಲಿದುಕೊಟ್ಟದ್ದು, ಅಮೆರಿಕಕ್ಕೆ ಬಂದ ಮೊದಲ ಸೂಟ್‌ಕೇಸಿನಲ್ಲಿ ಬಂದಿದ್ದು. ಆ ಮೂಲೆಯನ್ನು ಅವರು ಹೇಗೆ ಮುಗಿಸಿದ್ದಾರೆ ನೋಡೋಣ ಎಂದು ಅದನ್ನು ಎತ್ತಿಕೊಂಡ. ಮೂಲೆ ಮುಚ್ಚಿಯೇ ಇತ್ತು. ಆದರೆ ಹೆಬ್ಬೆರಳಿಗೆ ಒಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಅವನಿಗೆ ಅದು ಹೊಸದಲ್ಲ. ಇಷ್ಟು ವರ್ಷ ನಿದ್ದೆ ಬಾರದಾಗ ಹೊದಿಕೆಯೊಳಗೆ ಆ ಗಟ್ಟಿಯನ್ನು ತಿಕ್ಕುತ್ತ ಮಲಗಿದ್ದ. ದಾರದ ಗಂಟೆಂದುಕೊಂಡಿದ್ದ. ಈಗ ಎರಡು ಬೆರಳ ನಡುವೆ ಒತ್ತಿದ. ಗಂಟಲ್ಲ. ಸಣ್ಣ ಸಣ್ಣ ಕಾಳುಗಳು ಒಂದರ ಮೇಲೊಂದು ಸರಿದವು.

ಹುಬ್ಬಳ್ಳಿಯಲ್ಲಿ ಬೆಳಗಾಗುವವರೆಗೆ ಕಾದು ಸಂಜೆ ಕಲಾವತಿಯ ತಂಗಿ ಗೌರಿಗೆ ಫೋನ್ ಮಾಡಿದ.

“ಅಯ್ಯ ಭಾವಾರ, ಇಷ್ಟು ವರ್ಷ ನಮ್ಮಕ್ಕನ ಕೂಡ ಸಂಸಾರ ಮಾಡಿ ಇಷ್ಟೂ ಗೊತ್ತಿಲ್ಲೇನ್ರಿ? ಅಕ್ಕಿರೀ ಅದು! ಕೌದಿ ಮುಗಸೂಮುಂದ ಕಡೀ ಮೂಲ್ಯಾಗ ಒಂದೀಟು ಅಕ್ಕಿ ಹಾಕಿ ಹೊಲಿಯೂದು. ಖಾಲಿ ಹೊಟ್ಟಿ ಕೌದಿ ಯಾರಿಗೂ ಕೊಡಬಾರ್ದು ಅಂತ ನಮ್ಮವ್ವ ಅಂತಿದ್ಲು.”

“ಇದು ಹೊದೆಯೋದಲ್ಲ ಗೌರಿ. ಹರಿಣಿ ಮನೆ ಗೋಡೆಗೆ.”

“ಗ್ವಾಡಿಗೆ? ಗ್ವಾಡಿಗೇನು ಥಂಡಿ ಹತ್ತೇತೇನ್ರಿ?” ಗೌರಿ ನಗತೊಡಗಿದಳು. ಉಮಾಶಂಕರನಿಗೆ ನಗಲಾಗಲಿಲ್ಲ. ಅವನು ಗ್ಯಾರೇಜಿನ ಮೇಲಿನ ಶೆಲ್ಫನ್ನು ನೆನೆಯುತ್ತಿದ್ದ.

ಡಬ್ಬ ಇಳಿಸಿ ತಂದ. ಪುಟ್ಟ ಬಟ್ಟಲಲ್ಲಿ ಅಕ್ಕಿ ಹಾಕಿ ಕಲಾವತಿಯ ಮುಂದಿಟ್ಟ. ಅವಳು ಬಟ್ಟಲನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಬಾಯಿ ಒಂದು ಬದಿಗೆ ಮಾತ್ರ ಅರಳಿತು. ಅಷ್ಟು ಅರಳಿದ್ದನ್ನು ಅವನು ಕಂಡು ಬಹಳ ಕಾಲವಾಗಿತ್ತು. ಗೆದ್ದವನಂತೆ ಅವನು ಚಿಟಿಕೆ ಅಕ್ಕಿ ತೆಗೆದು ತೆರೆದ ಮೂಲೆಯೊಳಗೆ ಹಾಕಿದ.

ಅರಳಿದ ಮುಖ ತಕ್ಷಣ ಮುಚ್ಚಿಕೊಂಡಿತು. ಕಲಾವತಿ ಮೂಲೆಯನ್ನು ಎತ್ತಿ ಕೊಡವಿ, ಅಕ್ಕಿಯನ್ನೆಲ್ಲ ಬಟ್ಟಲಿಗೆ ವಾಪಸು ಸುರಿದಳು. ಒಳಗೆ ಸಿಕ್ಕಿಕೊಂಡ ಒಂದು ಕಾಳನ್ನೂ ಬಿಡದೆ ಕಿರುಬೆರಳಿನಿಂದ ಹೊರತೆಗೆದಳು. ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡು ಕೂತುಬಿಟ್ಟಳು.

ಅವನು ಮತ್ತೇನೂ ಕೇಳಲಿಲ್ಲ. ಗೌರಿ ಹೇಳಿದ್ದು ತವರಿನ ರೂಢಿ ಇರಬಹುದು, ಕಲಾವತಿಯ ತಲೆಯಲ್ಲಿ ಅದರ ಚೂರು ಮಾತ್ರ ಉಳಿದು ಮಿಕ್ಕದ್ದು ಅಳಿಸಿಹೋಗಿರಬಹುದು. ಹರಿಣಿ ಹೇಳುವುದೇ ನಿಜವಿರಬಹುದು. ನಂಬಬೇಕೆಂಬ ಆಸೆ ತನಗೆ ಇರುವುದರಿಂದಲೇ ಇದೆಲ್ಲ ಕಾಣುತ್ತಿದೆಯೋ ಏನೋ. ಉಳಿದ ದಿನಗಳಲ್ಲಿ ತೋಳನ್ನು ಮತ್ತೆ ಮೊದಲಿನಿಂದ ಹೊಲಿದು ಮುಗಿಸಿದ. ತೂತಿನ ಮೇಲೆ ಒಂದು ತೇಪೆ ಹಾಕಿದ. ಸಡಿಲ ಬಿಟ್ಟ. ಮುಂದೆ ಒಂದು ಚುಕ್ಕಿಯೂ ಬರಲಿಲ್ಲ. ಮೂಲೆಯನ್ನು ಮಾತ್ರ ರಾಜೀವಿಗೆ ಹೊಲಿಯಲು ಬಿಡಲಿಲ್ಲ. ಅಕ್ಕಿಯ ಬಟ್ಟಲೂ ಮೇಜಿನ ಮೇಲೇ ಇತ್ತು.

ಭಾನುವಾರ ಹರಿಣಿ ಬಂದಳು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಕಾರಿನ ಕೀ. ಬಂದವಳೇ ಮೇಜಿನತ್ತ ನೋಡಿ ಚೀಲವನ್ನು ನೆಲಕ್ಕಿಟ್ಟಳು.

“ಮತ್ತೆ ಓಪನ್ ಇದೆ. ಅಪ್ಪಾ, ಅಕ್ಕಿ ಯಾಕೆ ಇಲ್ಲಿದೆ?”

ಅವನು ಹೇಳಿದ. ಗಂಟಿನ ವಿಷಯ, ಹಳೆಯ ಕೌದಿಯ ಕಾಳು, ಗೌರಿ ಹೇಳಿದ್ದು, ಎಲ್ಲವನ್ನೂ. ಹರಿಣಿ ಬೇಸರಪಡದೆ ಕೇಳಿದಳು. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

“ಹಾಗಾದ್ರೆ ನೀವು ಅಕ್ಕಿ ಹಾಕಿದಾಗ ಯಾಕೆ ವಾಪಸ್ ಸುರಿದ್ಲು?”

“ಗೊತ್ತಿಲ್ಲ.”

“ಅಪ್ಪಾ...” ಅವಳು ಅವನ ತೋಳು ಹಿಡಿದಳು. “ನಂಗೂ ಹಾಗೇ ಅನ್ಕೋಬೇಕು ಅಂತ ಆಸೆ.”

ಆಗ ಕುರ್ಚಿ ಕಿರ್ರೆಂದಿತು. ಕಲಾವತಿ ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ನೂಕಿ, ಅದರ ಸೀಟನ್ನು ತಟ್ಟುತ್ತಿದ್ದಳು. ಹರಿಣಿ ಹೋಗಿ ಕೂತಳು. ಕಲಾವತಿ ಅವಳ ಕೈಯಿಂದ ಕಾರಿನ ಕೀ ತೆಗೆದು ಬದಿಗಿಟ್ಟಳು. ಮಣಿಕಟ್ಟು ಹಿಡಿದು ಅಂಗೈ ಮೇಲಾಗುವಂತೆ ತಿರುಗಿಸಿದಳು. ಬಟ್ಟಲೆತ್ತಿ ಅಷ್ಟೂ ಅಕ್ಕಿಯನ್ನು ಮಗಳ ಅಂಗೈಗೆ ಸುರಿದಳು. ಆಮೇಲೆ ಕೌದಿಯ ಮೂಲೆಗೆ ತೋರುಬೆರಳು ತೂರಿಸಿ, ಅದರ ಬಾಯಿ ಅಗಲಿಸಿ ಹಿಡಿದು, ಕಾದಳು.

ಹರಿಣಿ ಅಪ್ಪನ ಮುಖ ನೋಡಿದಳು.

ಅವಳು ನಿಧಾನವಾಗಿ ಅಕ್ಕಿಯನ್ನು ಮೂಲೆಯೊಳಗೆ ಜಾರಿಸಿದಳು. ಕೆಲವು ಕಾಳು ಮೇಜಿನ ಮೇಲೆ ಚೆಲ್ಲಿದವು. ಕಲಾವತಿ ಅವನ್ನು ಒಂದೊಂದಾಗಿ ಹೆಕ್ಕಿದಳು. ತಾನು ಹಾಕಲಿಲ್ಲ, ಮತ್ತೆ ಮಗಳ ಅಂಗೈಗೇ ಕೊಟ್ಟಳು. ಯಾರ ಮನೆಗೆ ಕೌದಿಯೋ ಅವರೇ ಅದರ ಹೊಟ್ಟೆ ತುಂಬಿಸಬೇಕು. ಉಮಾಶಂಕರನಿಗೆ ಆಗ ತಿಳಿಯಿತು. ಅವನು ಹಾಕಿದ್ದನ್ನು ಅವಳು ಅದಕ್ಕೇ ಸುರಿದುಬಿಟ್ಟಿದ್ದಳು.

ಕಲಾವತಿ ದಾರ ಪೋಣಿಸಿದ್ದ ಸೂಜಿಯನ್ನು ಮಗಳ ಮುಂದೆ ಹಿಡಿದಳು. ಹರಿಣಿ ತುಟಿ ಕಚ್ಚಿಕೊಂಡು ಹೊಲಿದಳು. ಉದ್ದುದ್ದ, ಸೊಟ್ಟ ಹೊಲಿಗೆ. ಮುಗಿಸಿ ತಲೆಯೆತ್ತಿದರೆ ಕಲಾವತಿ ಮೂಲೆಯನ್ನು ತನ್ನತ್ತ ಎಳೆದುಕೊಂಡು, ಮಗಳ ಮುಖ ನೋಡಿ, ಕೊಕ್ಕೆ ಕೈಗೆತ್ತಿಕೊಂಡು ಅಷ್ಟನ್ನೂ ಬಿಚ್ಚಿದಳು. ಕಾಳು ಬೀಳದ ಹಾಗೆ ಮೂಲೆಯನ್ನು ಮೇಲಕ್ಕೆ ಮಡಚಿಟ್ಟು, ಸೂಜಿಯನ್ನು ಮತ್ತೆ ಮಗಳತ್ತ ಚಾಚಿದಳು.

“ಅಮ್ಮಾ! ಸೀರಿಯಸ್ಲೀ?” ಎಂದು ಹರಿಣಿ ನಕ್ಕಳು. ನಗು ಅರ್ಧದಲ್ಲೇ ಬೇರೇನೋ ಆಗಿಹೋಯಿತು. ಅವಳು ಹಣೆಯನ್ನು ಅಮ್ಮನ ಬಲಗೈಯ ಮೇಲಿಟ್ಟಳು. ಆ ಕೈಗೆ ಅದು ತಿಳಿಯಿತೋ ಇಲ್ಲವೋ. ಎಡಗೈ ಮಾತ್ರ ಸೂಜಿ ಹಿಡಿದು ಕಾಯುತ್ತಲೇ ಇತ್ತು.

ಎರಡನೆಯ ಸಲದ ಹೊಲಿಗೆ ಪರವಾಗಿಲ್ಲ ಎನ್ನುವಂತಿತ್ತು. ಕಲಾವತಿ ಬಿಚ್ಚಲಿಲ್ಲ.

“ನಾನು ಪ್ರತಿ ವಾರ ಬರ್ತಿದ್ದೆನಲ್ಲಪ್ಪಾ,” ಎಂದಳು ಹರಿಣಿ. “ಪ್ರತಿ ವಾರವೂ ಅವಳು ಮೂಲೆ ಬಿಚ್ಚಿಟ್ಕೊಂಡು, ಜೇಬಲ್ಲಿ ಅಕ್ಕಿ ಇಟ್ಕೊಂಡು ರೆಡಿಯಾಗಿರ್ತಿದ್ಲು. ನಾವು ಡಬ್ಬಾನೇ ಎತ್ತಿಟ್ವಿ.”

ಉಮಾಶಂಕರ ಅವಳ ಬೆನ್ನ ಮೇಲೆ ಕೈಯಿಟ್ಟ.

ಹರಿಣಿ ಫೋನ್ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಭಾನುವಾರ ಗ್ಲೆಂಡೇಲ್‌ನ ಆಫೀಸಿನಲ್ಲಿ ಯಾರೂ ಎತ್ತುವವರಿರಲಿಲ್ಲ, ಸಂದೇಶ ಬಿಟ್ಟಳು. ಬುಧವಾರ ತಾವು ಬರುತ್ತಿಲ್ಲ, ಬೇರೆ ದಿನವೂ ಬೇಕಾಗಿಲ್ಲ ಎಂದು ಹೇಳಿದ್ದು ಜಾಲರಿ ಬಾಗಿಲಿನಿಂದ ಕೇಳಿಸಿತು. ಒಳಗೆ ಬಂದು ಕಣ್ಣೊರೆಸಿಕೊಂಡಳು.

“ನಿಮಗೆ ಹೆಲ್ಪ್ ಬೇಕೇ ಬೇಕು ಅಪ್ಪಾ. ಮಧ್ಯಾಹ್ನದ ಹೊತ್ತು ಯಾರಾದ್ರೂ ಮನೆಗೆ ಬರೋ ಥರ ನೋಡೋಣ. ಅದಕ್ಕೆ ಬೇಡ ಅನ್ಬೇಡಿ.”

“ಅನ್ನಲ್ಲ.”

“ಬುಧವಾರ ರಜ ಹಾಕಿದ್ದೀನಿ ಹೇಗೂ. ಸೀದಾ ನಮ್ಮನೆಗೆ ಬನ್ನಿ.”

ಬುಧವಾರ ಅವರು ಹೊರಟರು. ಕೌದಿಯನ್ನು ಮಡಚಿದರೆ ಗೆರೆ ಬೀಳುತ್ತದೆಂದು ರಾಜೀವಿ ಅದನ್ನು ಸುರುಳಿ ಸುತ್ತಿ, ಹಳೆಯ ಬೆಡ್‌ಶೀಟ್ ಹೊದಿಸಿ, ಹಿಂದಿನ ಸೀಟಿನಲ್ಲಿ ಮಲಗಿಸಿ ಬೆಲ್ಟ್ ಕಟ್ಟಿದ್ದಳು. “ಮಗುವಿನ ಹಾಗೆ ಕಾಣ್ತದೆ ಮಾರಾಯ್ರೆ, ಪೊಲೀಸರು ನಿಲ್ಸಿದ್ರೆ ಹೆಸರು ಹೇಳಿ,” ಎಂದಿದ್ದಳು. ಅರ್ವೈನ್ ಹತ್ತಿರ ದಾರಿ ಕವಲೊಡೆಯಿತು. ಗ್ಲೆಂಡೇಲ್‌ಗೆ ಹೋಗುವವರು ಐದನೇ ಹೆದ್ದಾರಿಯಲ್ಲೇ ಉಳಿಯಬೇಕು. ಉಮಾಶಂಕರ ಬಹಳ ಮುಂಚೆಯೇ ಸಿಗ್ನಲ್ ಹಾಕಿ, ಮಗಳ ಮನೆಯ ದಾರಿಯಾದ ನಾನೂರೈದಕ್ಕೆ ಸರಿದ. ಅಲ್ಲಿ ಎಂದಿನ ಹಾಗೆ ಟ್ರಾಫಿಕ್ ನಿಂತಿತ್ತು. ಅವನಿಗೆ ಅವಸರವಿರಲಿಲ್ಲ.

ಪೋರ್ಟರ್ ರ್ಯಾಂಚ್‌ನಲ್ಲಿ ಹರಿಣಿ ಏಣಿ ಇಟ್ಟುಕೊಂಡೇ ಕಾಯುತ್ತಿದ್ದಳು. ಗೋಡೆಯಿಂದ ಕೋಲು ಬಿಡಿಸಿ, ತೋಳಿನೊಳಗೆ ತೂರಿಸಿ, ಮತ್ತೆ ಕೊಂಡಿಗೆ ಕೂರಿಸಿದಳು. ಕೌದಿ ಇಳಿಬಿದ್ದಿತು. ಎಲ್ಲೂ ಉಬ್ಬಲಿಲ್ಲ. ಗುಡ್ಡದ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ನೀಲಿಯ ಮೇಲೆ ಬಿದ್ದು, ಕೆಂಪು ತುಂಡನ್ನು ಇನ್ನೂ ಮುಟ್ಟದೆ ನಿಂತಿತ್ತು.

ಕಲಾವತಿ ಮೆಟ್ಟಿಲ ಕಂಬಿ ಹಿಡಿದು ಎರಡು ಮೆಟ್ಟಿಲು ಹತ್ತಿದಳು. ಮುಂಭಾಗ ನೋಡಲಿಲ್ಲ. ಮೊದಲು ಪಕ್ಕದಂಚು ಎತ್ತಿ, ಮೇಲೆ ಬೆನ್ನಿನ ಕಡೆ ಅವನು ಹಾಕಿದ ತೇಪೆಯನ್ನು ಕತ್ತು ಚಾಚಿ ನೋಡಿದಳು. ತಿರುಗಿ ಅವನನ್ನು ನೋಡಿದಳು. ಅವನು ತಪ್ಪಿತಸ್ಥನ ಹಾಗೆ ಭುಜ ಕುಣಿಸಿದ. ಅವಳು ಅಂಚನ್ನು ಬಿಟ್ಟು ಮೆಟ್ಟಿಲ ಮೇಲೆಯೇ ಕೂತಳು. ಕೆಳಗಿನ ಎಡಮೂಲೆ ಅವಳ ಕೈಗೆ ಸರಿಯಾಗಿ ಸಿಗುತ್ತಿತ್ತು. ಹೆಬ್ಬೆರಳು ಒತ್ತಿದಳು. ಒಳಗೆ ಅಕ್ಕಿ ಸರಿದಾಡಿತು.

ಹರಿಣಿ ಏಣಿಯಿಂದ ಇಳಿದು ಒಂದು ಮೆಟ್ಟಿಲು ಕೆಳಗೆ ಕೂತು ತಾನೂ ಅದನ್ನೇ ಒತ್ತಿ ನೋಡಿದಳು. ತಾಯಿ ಮಗಳು ಇಬ್ಬರೂ ಹಾಗೆಯೇ ಕೂತಿದ್ದರು. ಅಡುಗೆಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು.

“ಅಮ್ಮಾ, ಊಟ ಮಾಡೋಣ್ವಾ?” ಎಂದಳು ಹರಿಣಿ.

“ಬ್ಯಾಡ,” ಎಂದು ಕಲಾವತಿ ಮಗಳ ಭುಜ ಹಿಡಿದು ಎದ್ದು, ಎಲ್ಲರಿಗಿಂತ ಮುಂದೆ ಅಡುಗೆಮನೆಯತ್ತ ನಡೆದಳು.